ಪುನಃಪ್ರವೇಶ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆಯು, ವಿಶೇಷವಾಗಿ ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದು ಮುಂದಿನ ವರ್ಷದ ಪ್ರವೇಶಗಳು ಇನ್ನೂ ಆರಂಭವಾಗದಿರುವ ನಡುವಣ ವಾರಗಳಲ್ಲಿ, ಹಿರಿಯೂರಿನಿಂದ ಒಮ್ಮೆ, ಹೊಸದುರ್ಗದಿಂದ ಇನ್ನೊಮ್ಮೆ, ಹೊಳಲ್ಕೆರೆಯ ಕಡೆಯ ಹಳ್ಳಿಗಳಿಂದ ಮತ್ತೊಮ್ಮೆ, ಬರೆದವರು ಬೇರೆಯಾದರೂ ಮಾತು ಬೇರೆಯಾಗದೆ ಬರುತ್ತಲೇ ಇರುತ್ತದೆ: ಕಾಲೇಜಿನಿಂದ ಹೊರಬೀಳಬೇಕಾಗಿ ಬಂದವನು ಮತ್ತೆ ಅಲ್ಲಿಗೆ ಹೋಗಿ ಓದನ್ನು ಮುಗಿಸಬಹುದೆ? ಅವರು ಕೇಳುತ್ತಿರುವುದು ಮನಸ್ಸಿಲ್ಲದೆ ತಾನಾಗಿಯೇ ಓದನ್ನು ಬಿಟ್ಟವನ ವಿಷಯವನ್ನಲ್ಲ. ಹಾಜರಿ ಸಾಲದೆಂದೋ, ಬಾಕಿ ವಿಷಯಗಳು ಮಿತಿಮೀರಿದುವೆಂದೋ, ಓದನ್ನು ಮುಗಿಸಲು ಕೊಟ್ಟ ಕಾಲ ಕಳೆದುಹೋಯಿತೆಂದೋ ವಿದ್ಯಾಸಂಸ್ಥೆಯೇ ನೀನು ಇನ್ನು ಮುಂದುವರಿಯುವಂತಿಲ್ಲವೆಂದು ಹೇಳಿದವನ ವಿಷಯವನ್ನು. ಬಹುಕಾಲ ಈ ಚಿತ್ರದುರ್ಗ ಜಿಲ್ಲೆಯಲ್ಲಿ ಪಾಠ ಹೇಳಿದ ನನಗೆ ಅಂಥವರು ಅನೇಕರು ಪರಿಚಿತರು. ಮರಳಿ ಬಂದು ಪದವಿಯನ್ನು ಪಡೆದವರನ್ನೂ ಕಂಡಿದ್ದೇನೆ. ಮರಳಿ ಬಂದು ಎರಡನೆಯ ಸಲವೂ ಹೊರಬಿದ್ದವರನ್ನೂ ಕಂಡಿದ್ದೇನೆ. ಈ ಎರಡು ಬಗೆಯವರ ನಡುವಣ ಅಂತರ ಬುದ್ಧಿಶಕ್ತಿಯದಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲನೆಯವರು ತಮ್ಮನ್ನು ಹೊರದೂಡಿದ ಕಾರಣವನ್ನು ತೀರಿಸಿಕೊಂಡು ಬಂದರು. ಎರಡನೆಯವರು ಅದನ್ನು ಜೊತೆಯಲ್ಲಿಯೇ ಹೊತ್ತುಕೊಂಡು ಬಂದರು. ನಾನು ಇಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೆ. ಉಳಿದದ್ದು ಇದರ ವಿವರಣೆ.

ನಮ್ಮಲ್ಲಿ ವಿದ್ಯಾರ್ಥಿಯನ್ನು ಹೊರಗೆ ಕಳುಹಿಸುವ ಕಾರ್ಯ ಬಹುಮಟ್ಟಿಗೆ ಮನುಷ್ಯರಿಂದ ನಡೆಯುವುದಿಲ್ಲ, ಲೆಕ್ಕದಿಂದ ನಡೆಯುತ್ತದೆ. ಚಿತ್ರದುರ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮಗಳಿಗೆ ಒಳಪಟ್ಟವರು. ಅಲ್ಲಿ ಶೇಕಡ 85ರಷ್ಟು ಹಾಜರಿ ಇರತಕ್ಕದ್ದು. ಅನಾರೋಗ್ಯದಂತಹ ಸಕಾರಣವಿದ್ದಲ್ಲಿ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇಕಡ 10ರವರೆಗೆ ಮನ್ನಾ ದೊರೆಯಬಹುದು. ಅದಕ್ಕೂ ಕೆಳಗಿಳಿದವನಿಗೆ ಪರೀಕ್ಷೆಯ ಕೊಠಡಿಯ ಬಾಗಿಲು ತೆರೆಯುವುದಿಲ್ಲ. ತೇರ್ಗಡೆಯಾಗದ ವಿಷಯಗಳು ಒಂದು ಮಿತಿಯನ್ನು ಮೀರಿದರೆ ಮುಂದಿನ ತರಗತಿಗೆ ಹೋಗುವಂತಿಲ್ಲ. ಹುಡುಗರು ಇದನ್ನು 'ಇಯರ್ ಬ್ಯಾಕ್' ಎನ್ನುತ್ತಾರೆ, ಮತ್ತು ಆ ಮಾತನ್ನು ಉಚ್ಚರಿಸುವಾಗ ಅವರ ಧ್ವನಿ ತಗ್ಗುವುದನ್ನು ನಾನು ಗಮನಿಸಿದ್ದೇನೆ. ನಾಲ್ಕು ವರ್ಷದ ಪದವಿಯನ್ನು ಎಂಟು ವರ್ಷಗಳೊಳಗೆ, ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರಿದವರಾದರೆ ಆರು ವರ್ಷಗಳೊಳಗೆ, ಮುಗಿಸಬೇಕು. ಆ ಅವಧಿಯೂ ಕಳೆದವರನ್ನು ತಾಂತ್ರಿಕ ಶಿಕ್ಷಣಕ್ಕೆ ಅನರ್ಹರೆಂದು ಘೋಷಿಸುವ ಪದ್ಧತಿಯೊಂದು ಉಂಟು. ಕಾಲ ಮುಗಿಯಿತೆಂದು ಹೇಳುವ ಅಧಿಕಾರ ವಿಶ್ವವಿದ್ಯಾಲಯಕ್ಕೆ ಸಹಜವಾಗಿಯೇ ಇದೆ. ಆದರೆ ಮುಖವನ್ನೇ ಕಾಣದ ವ್ಯಕ್ತಿಯೊಬ್ಬನ ಅರ್ಹತೆಯನ್ನು ಕುರಿತು ತೀರ್ಪು ಕೊಡುವುದು ಆ ಅಧಿಕಾರದ ಎಲ್ಲೆಗೆ ಹೊರಗಿನದೆಂದು ನನಗೆ ತೋರುತ್ತದೆ. ಕಲೆ, ವಿಜ್ಞಾನ, ವಾಣಿಜ್ಯದ ಪದವಿ ಕಾಲೇಜುಗಳಲ್ಲಿ ಹಾಜರಿಯ ಮಿತಿ ಸಾಮಾನ್ಯವಾಗಿ ಶೇಕಡ 75. ವೈದ್ಯಶಿಕ್ಷಣದಲ್ಲಿ ನಿಯಮ ಇನ್ನೂ ಕಠಿಣ: ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿಯಂತೆ ಮೊದಲ ವರ್ಷದ ಪರೀಕ್ಷೆಗೆ ನಾಲ್ಕು ಪ್ರಯತ್ನಗಳು ಮಾತ್ರ, ಇಡೀ ವ್ಯಾಸಂಗಕ್ಕೆ ಸೇರಿದ ದಿನದಿಂದ ಒಂಬತ್ತು ವರ್ಷಗಳು ಮಾತ್ರ.

ಕಾರಣಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಸೀಮೆಯಿಂದ ಸೀಮೆಗೆ ಅವು ಬೇರೆಯಾಗುತ್ತವೆ, ಮತ್ತು ನಮ್ಮ ಜಿಲ್ಲೆಯ ಕಾರಣಗಳಲ್ಲಿ ಹೆಚ್ಚಿನವು ನಮ್ಮ ಭೂಮಿಯಿಂದಲೇ ಹುಟ್ಟಿದವು. ಹೊಳಲ್ಕೆರೆಯ ಕಡೆ ಅಡಿಕೆ ಕೊಯ್ಲು ಆರಂಭವಾಗಿ ಗೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ಮನೆಯ ಪ್ರತಿಯೊಂದು ಕೈಗೂ ಕೆಲಸ ಬೀಳುವ ತಿಂಗಳುಗಳೂ, ಕಾಲೇಜಿನಲ್ಲಿ ಪಾಠಗಳು ಬಿರುಸಿನಿಂದ ಸಾಗುವ ತಿಂಗಳುಗಳೂ ಒಂದೇ. ಚಿತ್ರದುರ್ಗ, ಹಿರಿಯೂರುಗಳ ಬಯಲಿನಲ್ಲಿ ಈರುಳ್ಳಿಯನ್ನೂ ಶೇಂಗಾವನ್ನೂ ಕೀಳುವ ಕಾಲ ಬರುವುದೂ ಆ ಅವಧಿಯಲ್ಲಿಯೇ. ಆಳು ಸಿಕ್ಕದ, ಸಿಕ್ಕಿದರೂ ಕೂಲಿಯನ್ನು ಕೊಡಲಾರದ ಮನೆಯವರು ಮಗನನ್ನು ಒಂದು ವಾರಕ್ಕೆಂದು ನಿಲ್ಲಿಸಿಕೊಳ್ಳುತ್ತಾರೆ. ಆ ವಾರ ಮೂರಾಗಿ ನಾಲ್ಕಾಗಿ ಬೆಳೆಯುತ್ತದೆ. ಹುಡುಗನು ಮರಳಿ ಬಂದಾಗ ಪಾಠ ಬಹುದೂರ ಹೋಗಿರುತ್ತದೆ, ಹಾಜರಿಯ ಲೆಕ್ಕವಾದರೋ ಎಷ್ಟು ಓಡಿದರೂ ಕೈಗೆ ಸಿಗದಷ್ಟು ದೂರ. ಪರೀಕ್ಷೆಗೆ ಅನುಮತಿ ದೊರೆಯದವರ ಪಟ್ಟಿಯನ್ನು ಫಲಕದ ಮೇಲೆ ಅಂಟಿಸಿದ ಒಂದು ದಿನ ಹೊಳಲ್ಕೆರೆ ತಾಲ್ಲೂಕಿನ ರೈತರೊಬ್ಬರು ನನ್ನನ್ನು ಹುಡುಕಿಕೊಂಡು ಬಂದು, "ಸಾರ್, ನಮ್ ಹುಡ್ಗ ದಡ್ಡ ಅಲ್ಲ ಸಾರ್. ಕೊಯ್ಲಿಗೆ ಅಂತ ನಾನೇ ಕರೆಸ್ಕೊಂಡಿದ್ದೆ. ತಪ್ಪು ನಂದು, ಅವನಿಗೆ ಶಿಕ್ಷೆ ಕೊಡಬ್ಯಾಡ್ರಿ" ಎಂದರು. "ಯಜಮಾನ್ರೇ, ಎರಡು ತಿಂಗಳ ಹಿಂದೆ ಬಂದು ಇದೇ ಮಾತು ಹೇಳಿದ್ರೆ ಏನಾದ್ರೂ ದಾರಿ ಹುಡುಕಬಹುದಿತ್ತು" ಎಂದು ನಾನು ಹೇಳಿದಾಗ ಅವರು ಕೊಟ್ಟ ಉತ್ತರ ಹೀಗಿತ್ತು: "ಹೇಳ್ಬೇಕು ಅಂತ ನಮಗೆ ಯಾರು ಹೇಳಿದ್ರು ಸಾರ್?" ಆ ಪ್ರಶ್ನೆಗೆ ಸಮರ್ಪಕವಾದ ಉತ್ತರವನ್ನು ನಮ್ಮ ಕಾಲೇಜುಗಳು ಇಂದಿಗೂ ಕೊಟ್ಟಿಲ್ಲ.

ದೂರವೂ ಒಂದು ಕಾರಣ. ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಸುಮಾರು ಅರುವತ್ತು ಕಿಲೋಮೀಟರು, ಹಿರಿಯೂರಿನಿಂದ ಸುಮಾರು ನಲವತ್ತು, ಹೊಳಲ್ಕೆರೆಯಿಂದ ಮೂವತ್ತಕ್ಕೆ ಮೇಲೆ. ತಾಲ್ಲೂಕು ಕೇಂದ್ರಗಳಲ್ಲಿಯೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಾಗಿರುವುದು (ಹಿರಿಯೂರಿನ ವಾಣಿ ಸಕ್ಕರೆ ಕಾಲೇಜನ್ನು ಇಲ್ಲಿ ಸ್ಮರಿಸಬೇಕು) ದೊಡ್ಡ ಉಪಕಾರ. ಆದರೂ ಎಂಜಿನಿಯರಿಂಗಿಗೋ ಸ್ನಾತಕೋತ್ತರ ವ್ಯಾಸಂಗಕ್ಕೋ ಹೋಗುವವರು, ವಸತಿನಿಲಯದಲ್ಲಿ ಸ್ಥಳ ಸಿಕ್ಕದಿದ್ದರೆ, ಬಸ್ಸಿನಲ್ಲಿಯೇ ದಿನದ ಸಾರವನ್ನು ಕಳೆಯುತ್ತಾರೆ. ಹಳ್ಳಿಯಿಂದ ತಾಲ್ಲೂಕಿಗೆ ಬರುವ ಬಸ್ಸು ತಡವಾದರೆ ಮೊದಲ ಗಂಟೆಯ ಹಾಜರಿ ಹೋಯಿತೆಂದೇ ಅರ್ಥ. ಇನ್ನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಚೆನ್ನಾಗಿ ಕಲಿತು, ಆ ಬಳಿಕ ಇಂಗ್ಲಿಷಿನ ಪಾಠಪುಸ್ತಕದ ಮುಂದೆ ಕುಳಿತು, ತಿಳಿದದ್ದೇ ತಿಳಿಯದಂತೆ ತೋರಿ ಬೆದರಿದ ಮಕ್ಕಳ ಸಂಖ್ಯೆ ಸಣ್ಣದಲ್ಲ. ಮೊದಲ ಸೆಮಿಸ್ಟರಿನ ಗಣಿತದಲ್ಲಿ ನಪಾಸಾದವರನ್ನು ನಾನು ವಿಚಾರಿಸಿದಾಗ ಅನೇಕರು ಲೆಕ್ಕವನ್ನು ಬಲ್ಲವರಾಗಿದ್ದರು, ಪ್ರಶ್ನೆಯನ್ನು ಓದಲಾರದವರಾಗಿದ್ದರು. ಕೊಳವೆಬಾವಿ ಬತ್ತಿದ ವರ್ಷ ಶುಲ್ಕ ಕಟ್ಟಲಾಗದೆ ನಾಚಿ ಕಾಲೇಜಿಗೆ ಬರುವುದನ್ನೇ ನಿಲ್ಲಿಸಿದವರು ಉಂಟು. ನಿದ್ರೆ, ಊಟ, ಮಾತು ಎಲ್ಲವೂ ಕಡಮೆಯಾಗಿ, ತನಗೇನಾಗುತ್ತಿದೆಯೆಂದು ತನಗೇ ತಿಳಿಯದೆ ಕೊಠಡಿಯಲ್ಲಿ ಮಲಗಿಬಿಟ್ಟವರೂ ಉಂಟು. ಅದು ಸೋಮಾರಿತನವಲ್ಲ, ವ್ಯಾಧಿ. ಅಂಥವರು 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸರ್ಕಾರದ ಟೆಲಿ ಮನಸ್ ಸೇವೆಯಲ್ಲಿ ಉಚಿತವಾಗಿ, ಕನ್ನಡದಲ್ಲಿಯೇ, ಮಾತನಾಡುವವರು ದೊರೆಯುತ್ತಾರೆ. ಕೇವಲ ಉದಾಸೀನದಿಂದ ಕೆಟ್ಟವರೂ ಇದ್ದಾರೆ, ಅದನ್ನು ಮರೆಮಾಚಬೇಕಾದುದಿಲ್ಲ. ಆದರೆ ಅವರ ಸಂಖ್ಯೆಯು ಲೋಕವು ಭಾವಿಸಿರುವುದಕ್ಕಿಂತ ಬಹಳ ಕಡಮೆಯೆಂದು ಅನುಭವದಿಂದ ಹೇಳಬಲ್ಲೆ.

ಕಾರಣವು ಹೀಗೆ ಮನೆಯಲ್ಲಿಯೋ ಹೊಲದಲ್ಲಿಯೋ ಭಾಷೆಯಲ್ಲಿಯೋ ದೇಹದಲ್ಲಿಯೋ ಇರುವಾಗ, ಅದನ್ನು ಹಾಗೆಯೇ ಬಿಟ್ಟು ಪುನಃಪ್ರವೇಶದ ಅರ್ಜಿಯನ್ನು ಮಾತ್ರ ತುಂಬುವುದು ಏರಿ ಒಡೆದ ಕೆರೆಗೆ ಏರಿಯನ್ನು ಕಟ್ಟದೆಯೇ ಮಳೆಯನ್ನು ಹಾರೈಸಿದಂತೆ. ಈ ಕಾರಣದಿಂದಲೇ, ಪತ್ರ ಬರೆದವರಿಗೆಲ್ಲ ನಾನು ಮೊದಲು ಕೇಳುವುದು ಅಂಕಗಳನ್ನಲ್ಲ. ಹಿಂದೆ ಅಡ್ಡಬಂದದ್ದು ಏನು, ಅದು ಈಗ ಇದೆಯೋ ಇಲ್ಲವೋ, ಇದ್ದರೆ ಮುಂದಿನ ಕೊಯ್ಲಿನ ಕಾಲಕ್ಕೆ ಏನು ಏರ್ಪಾಡು ಮಾಡಿಕೊಂಡಿದ್ದೀರಿ ಎಂದು ಕೇಳುತ್ತೇನೆ. ಉತ್ತರವಿದ್ದರೆ ಮುಂದಿನ ಮಾತು.

ಮುಂದಿನ ಮಾತೆಂದರೆ ಬಾಗಿಲು ಯಾವುದು ಎಂಬುದು. ನಮ್ಮ ಜಿಲ್ಲೆಯವರಿಗೆ ಇದು ಅನ್ಯ ಜಿಲ್ಲೆಯವರಿಗಿಂತ ತೊಡಕಿನ ವಿಷಯ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಚಿತ್ರದುರ್ಗದ ಕಾಲೇಜುಗಳು ಬಹುಕಾಲ ಇದ್ದುವು. 1987ರಲ್ಲಿ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಕಡೆಗೆ ಹೋದುವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಮತ್ತೆ ಅದರ ಆಡಳಿತಕ್ಕೆ ಸೇರಿದುವು. ಕಟ್ಟಡ ಒಂದೇ, ಕೊಠಡಿಗಳು ಅವೇ, ಬಹುಶಃ ಬೆಂಚುಗಳೂ ಅವೇ. ಆದರೆ 2006ರಲ್ಲಿ ಚಿತ್ರದುರ್ಗದ ಕಾಲೇಜಿನಲ್ಲಿ ಬಿ.ಎ. ಓದುತ್ತ ಎರಡು ವಿಷಯಗಳನ್ನು ಬಾಕಿ ಉಳಿಸಿಕೊಂಡು ಹೊರಬಿದ್ದವರು ಇಂದು ದಾವಣಗೆರೆಯ ಶಿವಗಂಗೋತ್ರಿಗೆ ಹೋಗಿ ವಿಚಾರಿಸಿದರೆ ಅವರ ಹೆಸರು ಅಲ್ಲಿನ ದಾಖಲೆಯಲ್ಲಿ ಇರತಕ್ಕದ್ದಲ್ಲ. ಅವರ ನೋಂದಣಿ ಯಾವ ವಿಶ್ವವಿದ್ಯಾಲಯದಲ್ಲಿ ಆಗಿತ್ತೋ ಅಲ್ಲಿಯ ಪರೀಕ್ಷಾಂಗ ವಿಭಾಗದಲ್ಲಿಯೇ ಅವರ ಅಂಕಗಳ ಚರಿತ್ರೆ ಉಳಿದಿದೆ. ಹಳೆಯ ಅಂಕಪಟ್ಟಿಯ ತಲೆಯಲ್ಲಿ ಅಚ್ಚಾಗಿರುವ ಹೆಸರನ್ನೂ ಅದರ ಮೇಲಿನ ನೋಂದಣಿ ಸಂಖ್ಯೆಯನ್ನೂ ನೋಡಿಕೊಳ್ಳದೆ ಹೊರಟು, ಒಂದು ಕಛೇರಿಯಿಂದ ಇನ್ನೊಂದು ಕಛೇರಿಗೆ ಅಲೆದು, ಕಡೆಗೆ ಬೇಸತ್ತು ಮನೆಗೆ ಹೋದವರನ್ನು ನಾನು ಬಲ್ಲೆ. ವಿಶ್ವವಿದ್ಯಾಲಯಗಳು ಅವಧಿ ಮೀರಿದವರಿಗೆ ಆಗಾಗ್ಗೆ ವಿಶೇಷ ಅವಕಾಶವನ್ನು ಕೊಟ್ಟು ಪರೀಕ್ಷೆ ನಡೆಸಿದ್ದುಂಟು. ಆ ಪ್ರಕಟಣೆಯು ಪತ್ರಿಕೆಯ ಒಂದು ಮೂಲೆಯಲ್ಲಿ ಒಂದು ದಿನ ಬಂದು ಹೋಗುತ್ತದೆ, ಮತ್ತು ಯಾರಿಗೆ ಅದು ಮುಖ್ಯವೋ ಅವರು ಆ ವೇಳೆಗೆ ಬೆಂಗಳೂರಿನ ಯಾವುದೋ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡುತ್ತಿರುತ್ತಾರೆ. ಕಾಲೇಜುಗಳು ತಮ್ಮಿಂದ ಹೊರಹೋದವರ ವಿಳಾಸಕ್ಕೆ ಇಂತಹ ಸುದ್ದಿಯನ್ನು ತಿಳಿಸಬೇಕೆಂಬ ನಿಯಮವಿದ್ದಿದ್ದರೆ ಎಷ್ಟೋ ಪದವಿಗಳು ಪೂರ್ಣವಾಗುತ್ತಿದ್ದುವು.

ಕಾಲದ ಮಿತಿಯನ್ನು ಕುರಿತು ಎರಡು ಮಾತು ಅವಶ್ಯಕ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2015ರಲ್ಲಿ ಕೊಟ್ಟ ಮಾರ್ಗದರ್ಶನದಂತೆ ಪದವಿಯ ಸಾಮಾನ್ಯ ಅವಧಿಗೆ ಮೇಲೆ ಎರಡು ವರ್ಷ, ಅಸಾಧಾರಣ ಸಂದರ್ಭದಲ್ಲಿ ಇನ್ನೊಂದು ವರ್ಷ ಕೊಡಬಹುದು. ಆಯಾ ವಿಶ್ವವಿದ್ಯಾಲಯದ ನಿಯಮಾವಳಿಯೇ ಕಡೆಯ ಮಾತಾದರೂ, ಅರ್ಜಿಯಲ್ಲಿ ಇದನ್ನು ಉಲ್ಲೇಖಿಸುವುದರಲ್ಲಿ ತಪ್ಪಿಲ್ಲ. 2021ರಲ್ಲಿ ಆರಂಭವಾದ ಅಂಕಸಂಚಯದ ವ್ಯವಸ್ಥೆಯಲ್ಲಿ, ಎಂದರೆ ವಿದ್ಯಾರ್ಥಿಯು ಗಳಿಸಿದ ಕ್ರೆಡಿಟ್‌ಗಳನ್ನು ಅವನ ಹೆಸರಿನಲ್ಲಿ ಕೂಡಿಡುವ ಅಕಾಡೆಮಿಕ್ ಬ್ಯಾಂಕಿನಲ್ಲಿ, ಆ ಗಳಿಕೆಯು ಏಳು ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ನಡುವೆ ಬಿಟ್ಟವನು ಮೊದಲಿನಿಂದ ಆರಂಭಿಸಬೇಕಾಗಿಲ್ಲವೆಂಬುದು ಅದರ ಆಶಯ, ಮತ್ತು ಆ ಆಶಯವು ಉತ್ತಮವಾದುದು. ಆದರೆ ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂದು, ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ ಎಂದೆಲ್ಲ ಏರ್ಪಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಹಿಂದಿರುಗಿದ್ದರಿಂದ, ಆ ನಡುವೆ ಸೇರಿ ಆ ನಡುವೆಯೇ ಹೊರಬಿದ್ದವರು ಮರಳಿ ಬಂದಾಗ ತಾವು ಬಿಟ್ಟ ಪಠ್ಯಕ್ರಮವೇ ಅಲ್ಲಿಲ್ಲದಿರುವುದನ್ನು ಕಾಣುತ್ತಾರೆ. ಎಂಜಿನಿಯರಿಂಗಿನವರಿಗೂ ಇದೇ ಪಾಡು: 2010ರ, 2015ರ, 2018ರ, 2022ರ ಎಂದು 'ಸ್ಕೀಮು'ಗಳು ಬದಲಾಗುತ್ತ ಹೋಗಿ, ಹಳೆಯ ಸ್ಕೀಮಿನವನು ಹೊಸದಕ್ಕೆ ಸೇರುವಾಗ ಯಾವ ವಿಷಯ ಯಾವುದಕ್ಕೆ ಸಮಾನ, ಯಾವುದನ್ನು ಹೆಚ್ಚಾಗಿ ಓದಬೇಕು ಎಂಬುದನ್ನು ವಿಶ್ವವಿದ್ಯಾಲಯ ನಿರ್ಧರಿಸಬೇಕಾಗುತ್ತದೆ. ಆ ನಿರ್ಧಾರವನ್ನು ಬರವಣಿಗೆಯಲ್ಲಿ ಪಡೆದ ಮೇಲೆಯೇ ಶುಲ್ಕವನ್ನು ಕಟ್ಟಬೇಕು. ಬಾಯಿಮಾತಿನ ಭರವಸೆ ಗುಮಾಸ್ತರ ವರ್ಗಾವಣೆಯೊಡನೆ ವರ್ಗವಾಗಿಬಿಡುತ್ತದೆ.

ಹಿಂದಿನವರ ಕಥೆಗಳನ್ನು ಇಲ್ಲಿ ನೆನೆಯುವುದು ಸಮಾಧಾನಕ್ಕಾಗಿ ಅಲ್ಲ, ತಿಳಿವಳಿಕೆಗಾಗಿ. ಮೈಸೂರು ವಿಶ್ವವಿದ್ಯಾಲಯದ ಪ್ರವೇಶಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಉಳಿದು, ಆ ವರ್ಷವನ್ನು ಸ್ವಚ್ಛಂದವಾದ ಓದಿನಲ್ಲಿ ಕಳೆದು, ಆಮೇಲೆ ಕಾಲೇಜನ್ನು ಸೇರಿ, ಬಿ.ಎ. ಪದವಿಗೂ ಸಹಪಾಠಿಗಳಿಗಿಂತ ಒಂದು ವರ್ಷ ಹೆಚ್ಚಾಗಿ ತೆಗೆದುಕೊಂಡು 1930ರಲ್ಲಿ ಹೊರಬಂದವರು ಆರ್.ಕೆ. ನಾರಾಯಣ್. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಗೆಂದು ಸೆಂಟ್ರಲ್ ಕಾಲೇಜಿನ ಓದನ್ನು ಬಿಟ್ಟು, ಸೆರೆಮನೆಯನ್ನು ಕಂಡು, ಮತ್ತೆ ಬಂದು ಭೌತಶಾಸ್ತ್ರದಲ್ಲಿ ಆನರ್ಸನ್ನೂ ಎಂ.ಎಸ್ಸಿ.ಯನ್ನೂ ಮುಗಿಸಿ, ಮುಂದೆ ಅಮೆರಿಕದ ಒಹಾಯೊದಲ್ಲಿ ಡಾಕ್ಟರೇಟ್ ಪಡೆದು, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರು ತಾವಾಗಿ ಬಿಟ್ಟವರು, ಹೊರಹಾಕಲ್ಪಟ್ಟವರಲ್ಲ. ಆದರೆ ನಡುವೆ ಕಳೆದ ವರ್ಷಗಳ ಬಳಿಕ ತಮಗಿಂತ ಕಿರಿಯರ ಜೊತೆಯಲ್ಲಿ ಬೆಂಚಿನ ಮೇಲೆ ಕುಳಿತುಕೊಳ್ಳಲು ಬೇಕಾದ ಧೈರ್ಯ ಇಬ್ಬರಿಗೂ ಒಂದೇ. ನಮ್ಮ ಜಿಲ್ಲೆಯ ತಳುಕಿನ ಮನೆತನದಲ್ಲಿ ಇನ್ನೊಂದು ಬಗೆಯ ನಿದರ್ಶನವಿದೆ: ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯನವರ ಮನೆತನದಲ್ಲಿಯೇ ಹುಟ್ಟಿದ ತ.ರಾ. ಸುಬ್ಬರಾಯರು ಸ್ವಾತಂತ್ರ್ಯ ಸಂಗ್ರಾಮಕ್ಕಾಗಿ ಕಾಲೇಜನ್ನು ತೊರೆದವರು ಮರಳಿ ಹೋಗಲಿಲ್ಲ. 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರ ಮರಣಾನಂತರ, 1985ರಲ್ಲಿ, ಸಂದಿತು. ಪದವಿಯಿಲ್ಲದೆಯೂ ಬಾಳು ಸಾರ್ಥಕವಾಗಬಲ್ಲುದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಇದನ್ನು ಸಾಮಾನ್ಯ ವಿಧಿಯಾಗಿ ಹಿಡಿದು, ಗುಮಾಸ್ತೆಯ ಕೆಲಸಕ್ಕೂ ಪದವಿ ಕೇಳುವ ಈ ಕಾಲದಲ್ಲಿ, ಹದಿನೆಂಟರ ಹುಡುಗನಿಗೆ ಓದೇ ಬೇಡವೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ.

ಸಂಸ್ಥೆಯ ಕಡೆಯಿಂದ ನೋಡಿದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವ ನಿದರ್ಶನ ಶ್ರೀನಿವಾಸ ರಾಮಾನುಜನ್ನರದು. ಕುಂಭಕೋಣದ ಕಾಲೇಜಿನಲ್ಲಿ ಗಣಿತವನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಹಿಂದೆ ಬಿದ್ದು ವಿದ್ಯಾರ್ಥಿವೇತನವನ್ನು ಕಳೆದುಕೊಂಡ, ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿಯೂ ಎಫ್.ಎ. ಪರೀಕ್ಷೆಯನ್ನು ದಾಟಲಾರದ ಆ ತರುಣನಿಗೆ 1913ರಲ್ಲಿ ಮದರಾಸು ವಿಶ್ವವಿದ್ಯಾಲಯವು, ಪದವಿ ಇಲ್ಲದಿದ್ದಾಗ್ಯೂ, ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನು ಕೊಟ್ಟಿತು. ಪ್ರತಿಯೊಬ್ಬ ವಿದ್ಯಾರ್ಥಿಯೂ ರಾಮಾನುಜನ್ನನಾಗಲಾರನು. ಆದರೆ ನಿಯಮವನ್ನು ರಚಿಸಿದವರೇ ಒಬ್ಬ ವ್ಯಕ್ತಿಯ ಮುಖವನ್ನು ನೋಡಿ ಅದನ್ನು ಸಡಲಿಸಬಲ್ಲರೆಂಬುದು ಅಂದಿಗೇ ಸಿದ್ಧವಾದ ವಿಷಯ. ಕೆನಡಾ, ಅಮೆರಿಕಗಳಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳು ಓದುವ ವಿಶ್ವವಿದ್ಯಾಲಯಗಳಲ್ಲಿಯೂ ಹೊರಗೆ ಕಳುಹಿಸುವ ಪದ್ಧತಿ ಉಂಟು, ಮತ್ತು ಇಲ್ಲಿಂದ ವೀಸಾ ಪಡೆದು ಹೋದವನಿಗೆ ಅದರ ಪರಿಣಾಮ ಇನ್ನೂ ಕಠೋರವಾದುದು, ಏಕೆಂದರೆ ವಿದ್ಯಾರ್ಥಿಯ ನೋಂದಣಿಯನ್ನು ಅವಲಂಬಿಸಿಯೇ ಅವನು ಆ ದೇಶದಲ್ಲಿ ಇರುವ ಹಕ್ಕು ನಿಂತಿರುತ್ತದೆ. ಆದರೆ ಅಲ್ಲಿ ಮೊದಲು ಎಚ್ಚರಿಕೆ ಕೊಡುತ್ತಾರೆ. ಅಂಕಗಳು ಏರದಿದ್ದರೆ ಒಂದು ಅವಧಿಗೆ, ಅನೇಕ ಕಡೆ ಒಂದು ವರ್ಷಕ್ಕೆ, ದೂರವಿರಲು ಹೇಳುತ್ತಾರೆ. ಆ ಬಳಿಕ ಮರಳಬಯಸುವವನು ಒಂದು ಪತ್ರವನ್ನು ಬರೆಯಬೇಕು. ಅಂದು ಏನಾಯಿತು, ಈ ಅವಧಿಯಲ್ಲಿ ಏನು ಮಾಡಿದೆ, ಈಗ ಯಾವುದು ಬದಲಾಗಿದೆ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ತಿಳಿಸಬೇಕು. ಅದನ್ನು ಓದುವ ಸಮಿತಿಯೊಂದು ಅಲ್ಲಿ ಇರುತ್ತದೆ. ನಮ್ಮ ಪುನಃಪ್ರವೇಶದ ನಮೂನೆಯಲ್ಲಿ ತಂದೆಯ ಹೆಸರಿಗೂ ಜಾತಿಗೂ ಚಲನ್ ಸಂಖ್ಯೆಗೂ ಸ್ಥಳವಿರುತ್ತದೆ, ಈ ಮೂರು ಪ್ರಶ್ನೆಗಳಿಗೆ ಸ್ಥಳವಿರುವುದಿಲ್ಲ. ನಮೂನೆ ಕೇಳದಿದ್ದರೂ ಅಂಥ ಪತ್ರವೊಂದನ್ನು ಕನ್ನಡದಲ್ಲಿಯೇ ಬರೆದು ಅರ್ಜಿಯ ಜೊತೆಗೆ ಇಡಿರೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಪ್ರಾಂಶುಪಾಲರು ಓದಿದರೆ ಲಾಭ. ಓದದಿದ್ದರೂ ಬರೆದವನಿಗೆ ತನ್ನ ವಿಷಯ ತನಗೆ ತಿಳಿದಂತಾಯಿತು.

ಹಳೆಯ ಬಾಗಿಲು ನಿಜವಾಗಿಯೂ ಮುಚ್ಚಿದ್ದರೆ ಬೇರೆ ಬಾಗಿಲು ಇದೆ. 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೊಲವನ್ನೋ ಕೆಲಸವನ್ನೋ ಬಿಡದೆ ಪದವಿಯನ್ನು ಓದಬಹುದು. ದಿನನಿತ್ಯದ ಹಾಜರಿಯ ಕಾಟ ಅಲ್ಲಿಲ್ಲ. ಆ ವಿಶ್ವವಿದ್ಯಾಲಯವೇ ಒಮ್ಮೆ ಹೊರಬಿದ್ದು ಮರಳಿ ಬಂದುದೆಂಬುದನ್ನು ಓದುಗರು ಮರೆತಿರಲಾರರು: ವ್ಯಾಪ್ತಿಯನ್ನು ಮೀರಿ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸುಗಳನ್ನು ನಡೆಸಿತೆಂಬ ಕಾರಣಕ್ಕೆ 2013-14ರಿಂದ ಅದರ ಕೋರ್ಸುಗಳಿಗೆ ಧನಸಹಾಯ ಆಯೋಗದ ಮಾನ್ಯತೆ ಇಲ್ಲದೆ ಹೋಗಿ, 2018ರಲ್ಲಿ, ತನ್ನ ವ್ಯವಸ್ಥೆಯನ್ನು ಸರಿಪಡಿಸಿಕೊಂಡ ಮೇಲೆ, ಮತ್ತೆ ದೊರೆಯಿತು. ನಡುವಣ ಆ ವರ್ಷಗಳಲ್ಲಿ ತಮ್ಮ ತಪ್ಪಿಲ್ಲದೆ ಪದವಿಯ ಬೆಲೆಯನ್ನು ಕಳೆದುಕೊಂಡ ವಿದ್ಯಾರ್ಥಿಗಳ ಸಂಕಟವನ್ನು ಕಂಡವರಾರೂ, ಯಾವುದೇ ದೂರಶಿಕ್ಷಣಕ್ಕೆ ಸೇರುವ ಮುನ್ನ ಆ ವರ್ಷದ ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಆಯೋಗದ ಪಟ್ಟಿಯಲ್ಲಿ ನೋಡಿಕೊಳ್ಳದೆ ಹಣ ಕಟ್ಟಬಾರದು.

ಮನೆಯ ಮಾತನ್ನು ಹೇಳದೆ ಈ ವಿಷಯ ಪೂರ್ಣವಾಗುವುದಿಲ್ಲ. ಗಂಡುಮಗನು ಕಾಲೇಜಿನಿಂದ ಹೊರಬಿದ್ದರೆ ಮನೆಯವರು ಬಯ್ಯುತ್ತಾರೆ, ಅಳುತ್ತಾರೆ, ಸಂಬಂಧಿಕರ ಮುಂದೆ ಸುಳ್ಳು ಹೇಳುತ್ತಾರೆ, ಕಡೆಗೆ ಸಾಲ ಮಾಡಿಯಾದರೂ ಮತ್ತೆ ಸೇರಿಸುತ್ತಾರೆ. ಹೆಣ್ಣುಮಗಳಾದರೆ ಆ ವರ್ಷವೇ ಗಂಡು ಹುಡುಕಲು ಆರಂಭಿಸುತ್ತಾರೆ. ಹೊಸದುರ್ಗದ ಕಡೆಯ ಒಬ್ಬ ಹುಡುಗಿಯು, ಒಂದು ಸೆಮಿಸ್ಟರು ಕಾಮಾಲೆಯಿಂದ ಮಲಗಿ ಹಾಜರಿ ಕಳೆದುಕೊಂಡವಳು, "ಸಾರ್, ಇನ್ನೊಂದು ವರ್ಷ ಓದಕ್ಕೆ ಬಿಡಿ ಅಂತ ನಮ್ಮಪ್ಪಾಜಿಗೆ ನೀವೊಂದು ಮಾತು ಹೇಳ್ತೀರಾ" ಎಂದು ಕೇಳಿದುದನ್ನು ನಾನು ಮರೆಯಲಾರೆ. ಅವಳಿಗೆ ವಿಶ್ವವಿದ್ಯಾಲಯದ ಅನುಮತಿ ಸುಲಭವಾಗಿಯೇ ದೊರೆಯುತ್ತಿತ್ತು. ಮನೆಯ ಅನುಮತಿ ದೊರೆಯಲಿಲ್ಲ. ಇಂದು ಅವಳಿಗೆ ಇಬ್ಬರು ಮಕ್ಕಳು, ಮತ್ತು ಅವಳ ಎರಡು ವರ್ಷದ ಅಂಕಪಟ್ಟಿಗಳು ಬೀರುವಿನಲ್ಲಿ ಇವೆ. ಗಂಡು ಹೆಣ್ಣುಗಳ ನಡುವೆ ಈ ಪಕ್ಷಪಾತ ಅನ್ಯಾಯವೆಂದು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಇದಲ್ಲದೆ, ಹೊರಬಿದ್ದ ವಿದ್ಯಾರ್ಥಿಯು ಸಾಮಾನ್ಯವಾಗಿ ವಸತಿನಿಲಯದ ಸ್ಥಳವನ್ನೂ ವಿದ್ಯಾರ್ಥಿವೇತನವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ. ಬಡವನು ಮರಳಿ ಬರುವುದಕ್ಕೆ ಬೇಕಾದ ಆಸರೆಯನ್ನೇ ಕಿತ್ತುಕೊಂಡು, ಅವನು ಏಕೆ ಬರಲಿಲ್ಲವೆಂದು ಕೇಳುವುದು ನ್ಯಾಯವಲ್ಲ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಪುನಃಪ್ರವೇಶ ಪಡೆದವರಿಗೆ ಒಂದು ವರ್ಷವಾದರೂ ವಸತಿಯನ್ನು ಕಾದಿರಿಸಿದರೆ ಅದು ದೊಡ್ಡ ಕೆಲಸವಾದೀತು.

ಕಾಲೇಜಿನ ಪ್ರಾಂಶುಪಾಲರಲ್ಲಿಯೂ ನನ್ನದೊಂದು ವಿನಂತಿ ಉಂಟು. ಹಾಜರಿಯ ಲೆಕ್ಕವನ್ನು ಅವಧಿಯ ಕಡೆಯಲ್ಲಿ ಫಲಕಕ್ಕೆ ಅಂಟಿಸುವ ಬದಲು ಆರನೆಯ ವಾರದಲ್ಲಿಯೇ ತೆಗೆದು, ಶೇಕಡ ಅರುವತ್ತಕ್ಕೆ ಕೆಳಗಿರುವವರ ಮನೆಗೆ ಒಂದು ಕಾಗದವನ್ನು, ಅದಾಗದಿದ್ದರೆ ಒಂದು ದೂರವಾಣಿ ಕರೆಯನ್ನು, ಕನ್ನಡದಲ್ಲಿ ಮಾಡಿಸಿರಿ; ಇದಕ್ಕೆ ಹೊಸ ಹುದ್ದೆಯೂ ಬೇಡ, ಸರ್ಕಾರದ ಆದೇಶವೂ ಬೇಡ. ಇನ್ನು ಪತ್ರ ಬರೆದವರಿಗೆ: ಹಳೆಯ ಅಂಕಪಟ್ಟಿಗಳನ್ನೂ, ಪ್ರವೇಶದ ರಶೀದಿಯನ್ನೂ, ವರ್ಗಾವಣೆ ಪತ್ರವನ್ನೂ ಹುಡುಕಿ ಒಂದು ಕಡೆ ಇರಿಸಿರಿ; ನಿಮ್ಮ ಮೂಲ ದಾಖಲೆಗಳನ್ನು ಸಂಸ್ಥೆಯವರು ತಮ್ಮಲ್ಲಿ ತಡೆದಿಟ್ಟುಕೊಳ್ಳುವಂತಿಲ್ಲವೆಂದು ಧನಸಹಾಯ ಆಯೋಗವು 2018ರಲ್ಲಿಯೇ ಹೇಳಿದೆ, ಕೇಳಿ ಪಡೆಯಿರಿ. ಅಂಕಪಟ್ಟಿಯ ಮೇಲೆ ಅಚ್ಚಾಗಿರುವ ವಿಶ್ವವಿದ್ಯಾಲಯದ ಹೆಸರನ್ನು ನೋಡಿಕೊಂಡು, ಸೇರಿದ ವರ್ಷದಿಂದ ಇಂದಿನವರೆಗೆ ಎಷ್ಟು ಕಾಲ ಕಳೆದಿದೆಯೆಂದು ಎಣಿಸಿರಿ. ಆಮೇಲೆ, ಪ್ರವೇಶದ ಕಡೆಯ ದಿನಾಂಕ ಪ್ರಕಟವಾಗುವುದಕ್ಕೆ ಕಾಯದೆ, ಈ ತಿಂಗಳಲ್ಲಿಯೇ ಒಂದು ದಿನ ಕಾಲೇಜಿನ ಕಛೇರಿಗೆ ತಂದೆಯವರನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು ಹೋಗಿ ವಿಚಾರಿಸಿ ಬನ್ನಿರಿ.